ಸೇನಾ ಜಾಗದ ಪಕ್ಕ ಜಿಯೋಕ್ಯಾಶಿಂಗ್: ಬೆಳಗಾವಿಯ ಚಾರಣಿಗರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಾವಿಯಲ್ಲಿ ಯಾವ ದಿಕ್ಕಿಗೆ ನಡೆದರೂ ಎಲ್ಲೋ ಒಂದು ಕಡೆ ಮಿಲಿಟರಿ ಬೇಲಿ ಸಿಗುತ್ತದೆ. ಇಲ್ಲಿ ಕಂಟೋನ್ಮೆಂಟ್ ಶುರುವಾಗಿದ್ದು 1832ರಲ್ಲಿ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಇಲ್ಲೇ ಇದೆ. ಸೇನೆಯ ಕಮಾಂಡೋ ತರಬೇತಿ ಇಲ್ಲಿ ನಡೆಯುತ್ತದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಕೋಟೆಯೊಳಗೆ ಕಮಲ ಬಸದಿ ನೋಡಲು ಹೋದರೂ ಸೇನೆಯ ಜಾಗ ಪಕ್ಕದಲ್ಲೇ ಇರುತ್ತದೆ.

ಇಂಥ ಊರಿನಲ್ಲಿ ಜಿಪಿಎಸ್ ಹಿಡಿದು, ಪೊದೆಯಲ್ಲಿ ಬಚ್ಚಿಟ್ಟ ಡಬ್ಬಿ ಹುಡುಕುವ ಈ ಜಿಯೋಕ್ಯಾಶಿಂಗ್ ಆಟ ಆಡಬಹುದಾ? ಖಂಡಿತ ಆಡಬಹುದು. ಆದರೆ ಹೊರಗಿನವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಯೋಚಿಸಿ. ಯಾರೋ ಬರುತ್ತಾರೆ, ಮೊಬೈಲ್ ನೋಡುತ್ತಾ ಬೇಲಿ ಪಕ್ಕ ಅಲ್ಲೇ ಸುತ್ತುತ್ತಾರೆ, ಕಲ್ಲಿನ ಸಂದಿಗೆ ಕೈ ಹಾಕುತ್ತಾರೆ, ಏನೋ ತೆಗೆದು ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ. ಕಾವಲಿನಲ್ಲಿ ನಿಂತ ಜವಾನ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಸುಮ್ಮನಿರಲೂ ಬಾರದು.

ಹಾಗಾಗಿ ನಾನು ಈ ಆಟಕ್ಕೆ ಬರುವವರಿಗೆ ಮೊದಲು ಹೇಳುವುದು ಒಂದೇ ಮಾತು. ಡಬ್ಬಿ ಆಟಗಾರರಿಗೆ ಗುಟ್ಟಾಗಿರಲಿ, ನೆಲದ ಒಡೆಯರಿಗೆ ಗುಟ್ಟಾಗಿರಬಾರದು. ಕೆಳಗೆ ಬರೆದ ಎಲ್ಲ ಹೆಜ್ಜೆಗಳೂ ಇದರಿಂದಲೇ ಹುಟ್ಟಿವೆ.

ಆಟದ ಹಿನ್ನೆಲೆ, ಚಿಕ್ಕದಾಗಿ

2000ದ ಮೇ ತಿಂಗಳ ಆರಂಭದವರೆಗೂ ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಮಸುಕು ಮಾಡಿ ಕೊಡುತ್ತಿತ್ತು. ಆ ಅಡ್ಡಿ ತೆಗೆದ ಮರುದಿನವೇ, ಅಂದರೆ ಮೇ 3ರಂದು, ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ-ರೇಖಾಂಶ ಪ್ರಕಟಿಸಿದರು. ಆಟ ಶುರುವಾಗಿದ್ದು ಹಾಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಬಂತು. ಡಬ್ಬಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿ ಇದ್ದಲ್ಲೇ ಇಡುವುದು. ಒಳಗಿನ ಚಿಕ್ಕ ಸಾಮಾನು ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಹಾಕುವುದು. ನಿಯಮ ಇಷ್ಟೇ.

ಇದರ ಹಿರಿಯಣ್ಣನಂಥ ಆಟವೊಂದು ಇಂಗ್ಲೆಂಡಿನಲ್ಲಿದೆ, ಲೆಟರ್‌ಬಾಕ್ಸಿಂಗ್ ಅಂತ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಗೈಡ್ ಡಾರ್ಟ್‌ಮೂರ್ ಬಯಲಿನ ಕ್ರಾನ್ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟರು. ಅಲ್ಲಿವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಿ ಹೋಗುತ್ತಿದ್ದರು. ಆ ಜಾಗ ಇವತ್ತು ಬ್ರಿಟಿಷ್ ಸೇನೆಯ ಓಕ್‌ಹ್ಯಾಂಪ್ಟನ್ ಫೈರಿಂಗ್ ರೇಂಜ್ ಒಳಗಿದೆ. ಆದರೂ ಜನ ಹೋಗುತ್ತಾರೆ. ಗುಂಡು ಹಾರಿಸುವ ದಿನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ರೇಂಜ್ ಗಡಿಯುದ್ದಕ್ಕೂ ಕೆಂಪು-ಬಿಳಿ ಕಂಬಗಳಿವೆ. ಫೈರಿಂಗ್ ಇದ್ದಾಗ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ. ಬಾವುಟ ಇಲ್ಲದ ದಿನ ನಡೆಯಬಹುದು, ಕೆಳಗೆ ಬಿದ್ದ ಲೋಹದ ವಸ್ತು ಮಾತ್ರ ಮುಟ್ಟಬಾರದು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಸೇನಾ ಜಾಗದಲ್ಲಿ ಈ ಆಟ ಆಡುವ ಬಗ್ಗೆ ನೆಟ್‌ನಲ್ಲಿ ಸಿಗುವ ಸಲಹೆ ಹೆಚ್ಚಿನಂಶ ಬ್ರಿಟನ್, ಅಮೆರಿಕದ್ದು. ಬಾವುಟ ಇಲ್ಲದಿದ್ದರೆ ಒಳಗೆ ಹೋಗಬಹುದು ಎಂಬ ಮಾತು ಅಲ್ಲಿಯದ್ದು. ನಮ್ಮಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಸೇನಾ ಜಾಗ ಅಂದರೆ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ, ಬಾವುಟ ಇರಲಿ ಬಿಡಲಿ.

ಹೆಜ್ಜೆ 1: ನೆಲ ಯಾರದ್ದು ಅಂತ ಮನೆಯಲ್ಲೇ ತಿಳಿದುಕೊಳ್ಳಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೆ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕಂಟೋನ್ಮೆಂಟ್ ಅಂದ ಕೂಡಲೇ ಎಲ್ಲವೂ ಮುಚ್ಚಿದ ಜಾಗ ಅಲ್ಲ. ನಾವು ಕ್ಯಾಂಪ್ ಎನ್ನುವ ಆ ಕಂಟೋನ್ಮೆಂಟ್ ಪ್ರದೇಶದಲ್ಲಿ ಬಜಾರ್ ಇದೆ, ಶಾಲೆಗಳಿವೆ, ಚರ್ಚ್ ಇದೆ, ನಾವು ದಿನಾ ಓಡಾಡುವ ರಸ್ತೆಗಳಿವೆ. ಕಂಟೋನ್ಮೆಂಟ್ ಜಮೀನನ್ನು ದಾಖಲೆಯಲ್ಲಿ ಬೇರೆ ಬೇರೆ ವರ್ಗ ಮಾಡಿದ್ದಾರೆ. ಎ-1 ಅಂದರೆ ಸೇನೆ ನೇರವಾಗಿ ಬಳಸುವ ಜಾಗ. ಸಿ ವರ್ಗದ್ದು ಕಂಟೋನ್ಮೆಂಟ್ ಬೋರ್ಡ್ ಸುಪರ್ದಿಯಲ್ಲಿ ಇರುತ್ತದೆ. ನಡುವೆ ಬಿ ವರ್ಗಗಳಿವೆ. ಯಾವ ಮೈದಾನ ಯಾವ ವರ್ಗ ಅನ್ನುವುದು ನೋಡಿದರೆ ಗೊತ್ತಾಗುವುದಿಲ್ಲ. ಬೇಲಿ ಇಲ್ಲದ ಖಾಲಿ ಮೈದಾನವೂ ಎ-1 ಆಗಿರಬಹುದು. ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ ಎಂದ ಮಾತ್ರಕ್ಕೆ ಅಲ್ಲಿ ಡಬ್ಬಿ ಇಡಬಹುದು ಅಂತಲ್ಲ.

ಊರ ಹೊರಗಿನ ಗುಡ್ಡ, ಗಾಯರಾಣದ (ಗೋಮಾಳದ) ವಿಷಯಕ್ಕೆ ದಿಶಾಂಕ್ ಆ್ಯಪ್ ಬಹಳ ಉಪಯೋಗಕ್ಕೆ ಬರುತ್ತದೆ. ಕರ್ನಾಟಕ ಸರ್ಕಾರದ ಈ ಆ್ಯಪ್‌ನಲ್ಲಿ ನಕ್ಷೆಯ ಮೇಲೆ ಜಾಗ ಆರಿಸಿದರೆ ಸರ್ವೆ ನಂಬರ್, ಊರು, ಹೋಬಳಿ ತೋರಿಸುತ್ತದೆ. ಆ ಸರ್ವೆ ನಂಬರ್ ಹಿಡಿದು ಸರ್ಕಾರದ ಭೂದಾಖಲೆಗಳಿರುವ ಭೂಮಿ ತಂತ್ರಾಂಶದಲ್ಲಿ ಉತಾರ (ಪಹಣಿ) ನೋಡಿ. ಖಾಸಗಿಯವರದ್ದಾ, ಸರ್ಕಾರದ್ದಾ, ಅರಣ್ಯದ್ದಾ, ರಕ್ಷಣಾ ಇಲಾಖೆಯದ್ದಾ ಅಂತ ಒಂದು ಅಂದಾಜು ಸಿಗುತ್ತದೆ. ಆದರೆ ಆ್ಯಪ್ ತೋರಿಸುವ ಗೆರೆಯನ್ನು ಗಡಿ ಎಂದು ನಂಬಬೇಡಿ. ನಕ್ಷೆಯ ಗೆರೆ ನೆಲದ ಮೇಲೆ ಆಚೀಚೆ ಆಗುತ್ತದೆ. ಗಡಿಯ ಹತ್ತಿರ ಇದ್ದೀರಿ ಅಂತ ತೋರಿಸಿದರೆ, ಆ ಜಾಗ ಬಿಟ್ಟುಬಿಡಿ.

ಆಮೇಲೆ ಪಕ್ಕದ ಊರಿನವರನ್ನು ಕೇಳಿ. ಗುಡ್ಡದ ಮೇಲೆ ಕುರಿ ಮೇಯಿಸುವವರಿಗೆ ಮಿಲಿಟರಿಯವರ ಗಡಿ ಎಲ್ಲಿ, ಯಾವ ಕಡೆಯಿಂದ ಗುಂಡಿನ ಸದ್ದು ಬರುತ್ತದೆ ಎಂಬುದು ಯಾವ ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ. "ಕಾಕಾ, ಈ ಕಡೆ ಮಿಲಿಟರಿಯವರ ಜಾಗ ಎಲ್ಲೀತನಕ ಐತ್ರಿ?" ಅಂತ ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಅವರು ಬೇಡ ಅಂದರೆ ಬೇಡ.

ಕಾಯ್ದೆಯ ವಿಷಯ ಎರಡು ಮಾತಿನಲ್ಲಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸೇನಾ ನೆಲೆಗಳನ್ನು ನಿಷೇಧಿತ ಸ್ಥಳ ಎಂದು ಗುರುತಿಸುತ್ತದೆ. ಅಂಥ ಸ್ಥಳಗಳ ಹತ್ತಿರ ಸುಳಿಯುವುದು, ಚಿತ್ರ, ನಕ್ಷೆ ತೆಗೆಯುವುದು ದೊಡ್ಡ ತೊಂದರೆಗೆ ದಾರಿ. ಸೇನೆಯ ಫೈರಿಂಗ್ ಅಭ್ಯಾಸಕ್ಕಾಗಿ 1938ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ರಾಜ್ಯ ಸರ್ಕಾರ ಒಂದು ಪ್ರದೇಶವನ್ನು ಅಧಿಸೂಚನೆ ಹೊರಡಿಸಿ ಗುರುತಿಸಬಹುದು, ಅಭ್ಯಾಸದ ಹೊತ್ತಿನಲ್ಲಿ ಅಲ್ಲಿಗೆ ಜನ ಹೋಗದಂತೆ ತಡೆಯಬಹುದು. ಇಂಥ ಸೂಚನೆ ಸ್ಥಳೀಯ ಪತ್ರಿಕೆಯಲ್ಲೋ, ಪಂಚಾಯತಿ ಫಲಕದಲ್ಲೋ ಕಂಡರೆ ಆ ದಿಕ್ಕನ್ನೇ ಬಿಡಿ.

ಖಾನಾಪುರ ಕಡೆ ಹೋಗುವವರಿಗೆ ಇನ್ನೊಂದು ಮಾತು. ಭೀಮಗಡ ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಗುಹೆಯೊಳಗೆ ಡಬ್ಬಿ ಇಡುವ ಯೋಚನೆಯಂತೂ ಬೇಡವೇ ಬೇಡ. ಅಲ್ಲಿನ ಬಾರಾಪೇಡೆ ಗುಹೆಯಲ್ಲಿ ರಾಟನ್ಸ್ ಫ್ರೀ-ಟೇಲ್ಡ್ ಎಂಬ ಬಾವಲಿ ಇದೆ. ಜಗತ್ತಿನಲ್ಲೇ ತೀರಾ ಕೆಲವು ಕಡೆ ಮಾತ್ರ ಕಾಣಸಿಗುವ ಜೀವಿ ಅದು. ನಮ್ಮ ಟಾರ್ಚಿನ ಬೆಳಕಿಗೆ ಅದು ಓಡಿಹೋಗಬಾರದು, ಅಲ್ವಾ?

ಹೆಜ್ಜೆ 2: ಪುಟ ಓದಿ, ಅಂಕಿ ಸರಿಯಾಗಿ ಹಾಕಿ

ಪ್ರತಿ ಡಬ್ಬಿಗೂ ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ಒಂದು ಪುಟ ಇರುತ್ತದೆ. ಕಷ್ಟದ ಮಟ್ಟ, ದಾರಿಯ ಮಟ್ಟ ಎರಡನ್ನೂ 1ರಿಂದ 5ರವರೆಗೆ ಕೊಟ್ಟಿರುತ್ತಾರೆ. ಅವುಗಳಿಗಿಂತ ಮುಖ್ಯ ಕೊನೆಯ ನಾಲ್ಕೈದು ಲಾಗ್‌ಗಳು, ಅಂದರೆ ಹುಡುಕಲು ಹೋದವರು ಬರೆದ ಟಿಪ್ಪಣಿಗಳು. "ಹುಡುಕಿದೆ, ಸಿಗಲಿಲ್ಲ" ಎಂದು ಸಾಲಾಗಿ ಬರೆದಿದ್ದರೆ ಡಬ್ಬಿ ಹೋಗಿದೆ ಎಂದೇ ತಿಳಿಯಿರಿ. "ಬೇಲಿ ಹೊಸದಾಗಿ ಬಂದಿದೆ", "ಕಾವಲುಗಾರರು ಕೇಳಿದರು" ಅಂತ ಯಾರಾದರೂ ಬರೆದಿದ್ದರೆ ಹೋಗಬೇಡಿ. ಹಳೆಯ ಡಬ್ಬಿಗಳ ವಿಷಯದಲ್ಲಿ ಇದು ಜಾಸ್ತಿ. ಇಟ್ಟಾಗ ಬಯಲಾಗಿದ್ದ ಜಾಗ ಈಗ ಬೇಲಿಯ ಒಳಗಿರಬಹುದು.

ಈಗ ಅಂಕಿಯ ವಿಷಯ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ದಶಾಂಶ ನಿಮಿಷ ಬಳಸುತ್ತಾರೆ. ಬೆಳಗಾವಿ ನಗರ ಸುಮಾರು ಉತ್ತರ 15° 51.000′, ಪೂರ್ವ 74° 30.000′ ಹತ್ತಿರ ಬರುತ್ತದೆ. ಗೂಗಲ್ ಮ್ಯಾಪ್ಸ್ ಇದನ್ನೇ ದಶಾಂಶ ಡಿಗ್ರಿಯಲ್ಲಿ 15.85, 74.50 ಎಂದು ತೋರಿಸುತ್ತದೆ. 15° 51′ ಅನ್ನು ಅವಸರದಲ್ಲಿ 15.51 ಅಂತ ಹಾಕಿದರೆ ನೀವು 37 ಕಿಲೋಮೀಟರಿಗೂ ಜಾಸ್ತಿ ದಕ್ಷಿಣಕ್ಕೆ ಹೋಗುತ್ತೀರಿ. ಅಷ್ಟು ದೊಡ್ಡ ತಪ್ಪು ಹೇಗೂ ಗೊತ್ತಾಗುತ್ತದೆ. ಅಪಾಯ ಇರುವುದು ಚಿಕ್ಕ ತಪ್ಪಿನಲ್ಲಿ. ನಿಮಿಷದ ಎರಡನೇ ದಶಾಂಶದಲ್ಲಿ ಒಂದೇ ಒಂದು ಅಂಕಿ ಹೆಚ್ಚು-ಕಮ್ಮಿ ಆದರೆ ಉತ್ತರ-ದಕ್ಷಿಣಕ್ಕೆ ಹದಿನೆಂಟೂವರೆ ಮೀಟರ್ ಆಚೀಚೆ. ಮೊದಲ ದಶಾಂಶದಲ್ಲಾದರೆ 185 ಮೀಟರ್. ಬೇಲಿಯ ಈ ಕಡೆ ಇರಬೇಕಾದವರು ಆ ಕಡೆ ಇರಲು ಅಷ್ಟು ಸಾಕು.

ಅಂಕಿ ಹಾಕಿದ ಮೇಲೆ ಉಪಗ್ರಹ ಚಿತ್ರದಲ್ಲಿ ನೋಡಿ. ಬಿಂದು ರಸ್ತೆಯ ಪಕ್ಕ ಬಂತಾ, ಕಟ್ಟಡದ ಮೇಲೆ ಬಂತಾ, ಗೋಡೆಯಾಚೆ ಬಂತಾ? ಸಾಲುಸಾಲಾಗಿ ಒಂದೇ ಥರದ ಕಟ್ಟಡ, ಮಣ್ಣಿನ ಎತ್ತರದ ದಿಬ್ಬ, ಅದರ ಮುಂದೆ ಉದ್ದ ಖಾಲಿ ಪಟ್ಟಿ ಕಂಡರೆ ಅದು ಫೈರಿಂಗ್ ರೇಂಜ್ ಆಗಿರಬಹುದು. ದಿಬ್ಬದ ಹಿಂದಿನ ಗುಡ್ಡವೂ ಅಷ್ಟೇ ಅಪಾಯದ ಜಾಗ. ಗುರಿ ತಪ್ಪಿದ ಗುಂಡು, ಕಲ್ಲಿಗೆ ಬಡಿದು ಚಿಮ್ಮಿದ ಗುಂಡು ಹೋಗುವುದು ಆ ಕಡೆಗೇ.

ಕೊನೆಗೆ ನಕ್ಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಗುಡ್ಡದ ಹಿಂದೆ ನೆಟ್‌ವರ್ಕ್ ಕೈಕೊಡುತ್ತದೆ.

ಹೆಜ್ಜೆ 3: ಚೀಲದಲ್ಲಿ ಏನಿರಬೇಕು, ಏನಿರಬಾರದು

ನೀರು, ಟೋಪಿ, ಚಾರ್ಜ್ ಆದ ಮೊಬೈಲ್, ಪವರ್ ಬ್ಯಾಂಕ್, ಪೆನ್ನು, ಗಟ್ಟಿ ಬೂಟು, ಉದ್ದ ಪ್ಯಾಂಟು, ಒಂದು ಕೋಲು. ಇವನ್ನು ವಿವರಿಸಬೇಕಾಗಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಡಬ್ಬಿಯ ಪುಟವನ್ನು ಪ್ರಿಂಟ್ ಮಾಡಿ ಇಟ್ಟುಕೊಂಡರೆ ಯಾರಿಗಾದರೂ ವಿವರಿಸಲು ಸುಲಭ.

ಬಿಡಬೇಕಾದ ವಸ್ತುಗಳ ಪಟ್ಟಿ ಹೆಚ್ಚು ಮುಖ್ಯ. ಡ್ರೋನ್ ಮನೆಯಲ್ಲೇ ಇರಲಿ. ಸೇನಾ ನೆಲೆ, ವಿಮಾನ ನಿಲ್ದಾಣ ಎರಡೂ ಇರುವ ಊರಿದು. ದುರ್ಬೀನು ಹಕ್ಕಿ ನೋಡಲು ಚೆಂದ, ಆದರೆ ಬೇಲಿ ಇರುವ ದಾರಿಗೆ ಬೇಡ. ವಾಕಿಟಾಕಿ ಬೇಡ. ಸೈನ್ಯದ ಚಿತ್ತಾರದ ಬಟ್ಟೆ, ಅದೇ ಬಣ್ಣದ ಟೋಪಿ ಹಾಕಬೇಡಿ. ಕೇಸರಿಯೋ ಹಳದಿಯೋ, ದೂರದಿಂದ ಕಾಣುವ ಬಣ್ಣ ಹಾಕಿ. ಬಚ್ಚಿಟ್ಟುಕೊಳ್ಳುವ ಉದ್ದೇಶ ನಮಗಿಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗಬೇಕು.

ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಬಳಸುವಂತಿಲ್ಲ. ವಿದೇಶದಿಂದ ಬರುವ ಚಾರಣಿಗರಿಗೆ ಇದು ಗೊತ್ತಿರುವುದಿಲ್ಲ. ಗೋವಾ ವಿಮಾನ ನಿಲ್ದಾಣದಲ್ಲೇ ಇದಕ್ಕಾಗಿ ಪ್ರವಾಸಿಗರು ಸಿಕ್ಕಿಬಿದ್ದಿದ್ದಾರೆ. ಗೋವಾದಿಂದ ಬೆಳಗಾವಿಗೆ ಚಾರಣಕ್ಕೆ ಬರುವ ಗೆಳೆಯರಿದ್ದರೆ ಮೊದಲೇ ಹೇಳಿಬಿಡಿ. ಸಂಕೇತ ಪಡೆಯುವುದು ಮಾತ್ರ ಮಾಡುವ ಸಾದಾ ಜಿಪಿಎಸ್ ಸಾಧನ ಈ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 4: ದಾರಿಯಲ್ಲಿ

ಹಗಲು ಹೊತ್ತಿನಲ್ಲಿ ಹೋಗಿ. ಸಂಜೆ ಬೆಳಕು ಇರುವಾಗಲೇ ರಸ್ತೆಗೆ ಬನ್ನಿ. ಇಬ್ಬರು ಮೂವರು ಇರಲಿ, ಹತ್ತು ಜನ ಬೇಡ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ.

ಬೇಲಿ, ಗೋಡೆ, ಅಂಕಿ ಕೊರೆದ ಗಡಿಕಲ್ಲು, ರಕ್ಷಣಾ ಭೂಮಿ ಎಂದು ಬರೆದ ಫಲಕ, ಕೆಂಪು ಬಾವುಟ, ಕಾವಲು ಗೋಪುರ. ಇವುಗಳಲ್ಲಿ ಒಂದು ಕಂಡರೂ ಅದರಾಚೆ ಕಾಲಿಡಬೇಡಿ. ಬೇಲಿ ಹರಿದಿದ್ದರೆ, ಅದರೊಳಗಿಂದ ದನ ತುಳಿದ ದಾರಿ ಹೋಗಿದ್ದರೆ, ಅದು ನಿಮಗೆ ಬಾಗಿಲಲ್ಲ. ಫಲಕದ ಅಕ್ಷರ ಅಳಿಸಿ ಹೋಗಿದ್ದರೂ ಅದು ಫಲಕವೇ.

ಮೊಬೈಲ್‌ನ ಜಿಪಿಎಸ್ ಬಯಲಿನಲ್ಲಿ ನಾಲ್ಕೈದು ಮೀಟರ್ ನಿಖರತೆ ಕೊಡುತ್ತದೆ. ದಟ್ಟ ಮರದ ಕೆಳಗೆ, ಕಡಿದಾದ ಬಂಡೆ ಪಕ್ಕ ಅದು ಹತ್ತು ಹದಿನೈದು ಮೀಟರ್ ದಾಟಬಹುದು. ಇಟ್ಟವರ ಸಾಧನದ ತಪ್ಪೂ ಅದಕ್ಕೆ ಸೇರುತ್ತದೆ. ಹಾಗಾಗಿ ಬಾಣದ ಗುರುತು ಬೇಲಿಯಾಚೆ ತೋರಿಸಿದ ಕೂಡಲೇ ಡಬ್ಬಿ ಆ ಕಡೆ ಇದೆ ಅಂತಲ್ಲ. ಅಲ್ಲೇ ನಿಂತು ಒಂದೆರಡು ನಿಮಿಷ ಕಾಯಿರಿ, ಅಂಕಿ ಸ್ಥಿರ ಆಗಲಿ. ಆಗಲೂ ಆಚೆಯೇ ತೋರಿಸಿದರೆ ಹುಡುಕಾಟ ಮುಗಿಯಿತು. ವಾಪಸ್ ಬಂದು ಪುಟದಲ್ಲಿ ಅದನ್ನೇ ಬರೆಯಿರಿ. ಡಬ್ಬಿ ಸೇನಾ ಜಾಗದೊಳಗೆ ಇರುವಂತೆ ಕಾಣುತ್ತದೆ ಎಂದು ವೆಬ್‌ಸೈಟಿನ ಸ್ವಯಂಸೇವಕ ಪರಿಶೀಲಕರಿಗೆ ತಿಳಿಸಿ. ಅವರು ಅದನ್ನು ನಿಲ್ಲಿಸಬಹುದು. ಮುಂದೆ ಬರುವ ಯಾರೋ ಕಾಲೇಜು ಹುಡುಗ ತೊಂದರೆಗೆ ಸಿಕ್ಕಿಕೊಳ್ಳದಂತೆ ನೀವು ಮಾಡಬಹುದಾದ ದೊಡ್ಡ ಕೆಲಸ ಇದು.

ಫೋಟೋ ತೆಗೆಯುವಾಗ ಬೆನ್ನು ಬೇಲಿಯ ಕಡೆಗೆ ಇರಬಾರದು, ಅಂದರೆ ಹಿನ್ನೆಲೆಯಲ್ಲಿ ಗೇಟು, ವಾಹನ, ಕಟ್ಟಡ, ಜವಾನರು ಬರಬಾರದು. ಸ್ಟ್ರಾವಾದಂಥ ಆ್ಯಪ್‌ನಲ್ಲಿ ನಡೆದ ದಾರಿ ದಾಖಲಾಗುತ್ತಿದ್ದರೆ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. 2018ರಲ್ಲಿ ಇದೇ ಸ್ಟ್ರಾವಾ ಪ್ರಕಟಿಸಿದ್ದ ನಕ್ಷೆಯಿಂದ ಹಲವು ದೇಶಗಳ ಸೇನಾ ನೆಲೆಗಳ ಒಳಗಿನ ದಾರಿಗಳು ಕಾಣಿಸಿ ದೊಡ್ಡ ಸುದ್ದಿಯಾಗಿತ್ತು.

ಹೆಜ್ಜೆ 5: ಕೈ ಹಾಕುವ ಮುಂಚೆ

ಡಬ್ಬಿ ಇರುವ ಜಾಗ, ಹಾವು ಇರುವ ಜಾಗ ಎರಡೂ ಒಂದೇ. ಕಲ್ಲಿನ ಸಂದಿ, ಮರದ ಪೊಟರೆ, ಒಣಗಿದ ಎಲೆಯ ರಾಶಿ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ ನಾಲ್ಕೂ ನಮ್ಮ ಕಡೆ ಇವೆ. ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಕೈ. ಕಾಣದ ಜಾಗಕ್ಕೆ ಕೈ ಹಾಕಬೇಕಾಗಿ ಬಂದರೆ ಆ ಡಬ್ಬಿ ಬಿಟ್ಟುಬಿಡಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ವಾಚು ತೆಗೆಯಿರಿ. ಕಚ್ಚಿದ ಭಾಗ ಅಲ್ಲಾಡದಂತೆ ಕಟ್ಟಿಗೆಯ ಆಸರೆ ಕೊಡಿ. ನಡೆಸದೆ ಹೊತ್ತುಕೊಂಡು ಬನ್ನಿ. 108ಕ್ಕೆ ಕರೆ ಮಾಡಿ. ನಾಟಿ ಮದ್ದು ಕೊಡುವವರ ಮನೆಗೆ ಹೋಗಿ ಹೊತ್ತು ಕಳೆಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಇರುವ ಮದ್ದು ಪ್ರತಿವಿಷ ಚುಚ್ಚುಮದ್ದು ಒಂದೇ.

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಖಾನಾಪುರ-ಜಾಂಬೋಟಿ ಕಡೆ ದಾರಿ ಜಾರುತ್ತದೆ, ಹಳ್ಳ ದಿಢೀರ್ ತುಂಬುತ್ತದೆ. ಡಬ್ಬಿ ಅಕ್ಟೋಬರ್‌ವರೆಗೆ ಕಾಯುತ್ತದೆ.

ಗುರುತಿಲ್ಲದ ಲೋಹದ ವಸ್ತು ಕಂಡರೆ

ಇದನ್ನು ಮಕ್ಕಳಿಗೂ ಹೇಳಿಕೊಡಿ. ಸೇನೆ ಅಭ್ಯಾಸ ಮಾಡುವ ಜಾಗದ ಸುತ್ತಮುತ್ತ ಖಾಲಿ ತೋಟಾ, ಚೂರು ಲೋಹ ಬಿದ್ದಿರಬಹುದು. ಅವುಗಳ ನಡುವೆ ಸಿಡಿಯದೆ ಉಳಿದ ಶೆಲ್ಲೋ ಗ್ರೆನೇಡೋ ಇರಬಹುದು. ಸಿಡಿಯಲಿಲ್ಲ ಅಂದರೆ ಸತ್ತುಹೋಗಿದೆ ಎಂದಲ್ಲ. ಒಳಗಿನ ಸ್ಫೋಟಕ ಹಾಗೇ ಇದೆ, ಅದನ್ನು ಹೊತ್ತಿಸುವ ಫ್ಯೂಸ್ ಮಾತ್ರ ಆಗ ಕೆಲಸ ಮಾಡಿಲ್ಲ. ತುಕ್ಕು ಹಿಡಿದಷ್ಟೂ ಅದು ಯಾವಾಗ ಏನಾಗುತ್ತದೆ ಹೇಳಲಾಗುವುದಿಲ್ಲ. ಒಂದು ಮಳೆಗೆ ಮಣ್ಣು ಕೊಚ್ಚಿ ಹೋದರೆ ವರ್ಷಗಟ್ಟಲೆ ಹೂತಿದ್ದು ಮೇಲೆ ಬರುತ್ತದೆ. ಗುಜರಿಗೆ ಮಾರಲು ಅಂತ ಎತ್ತಿಕೊಂಡು ಹೋಗಿ ಜೀವ ಕಳೆದುಕೊಂಡವರ ಸುದ್ದಿಯನ್ನು ದೇಶದ ಬೇರೆ ಬೇರೆ ಕಡೆಯಿಂದ ನಾವು ಓದುತ್ತಲೇ ಇದ್ದೇವೆ.

ಮುಟ್ಟಬೇಡಿ. ಕೋಲಿನಿಂದ ಅಲ್ಲಾಡಿಸಬೇಡಿ. ಕಲ್ಲು ಎಸೆಯಬೇಡಿ. ಬಂದ ದಾರಿಯಲ್ಲೇ, ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಟ್ಟು ಹಿಂದೆ ಬನ್ನಿ. ಹತ್ತಿರದಲ್ಲಿ ನಿಂತು ಫೋನ್ ಮಾಡಬೇಡಿ, ಸಾಕಷ್ಟು ದೂರ ಬಂದ ಮೇಲೆ 112ಕ್ಕೆ ಕರೆ ಮಾಡಿ. ಹತ್ತಿರದ ಊರು, ದಾರಿ, ಸಾಧ್ಯವಾದರೆ ಅಕ್ಷಾಂಶ-ರೇಖಾಂಶ ಹೇಳಿ. ಆ ಕಡೆ ಬರುವ ದನಗಾಹಿಗಳನ್ನು ತಡೆಯಿರಿ. ಪೊಲೀಸರು ಬರುವವರೆಗೆ ಒಬ್ಬರು ದೂರದಲ್ಲಿ ನಿಂತಿರಿ.

ಡಬ್ಬಿಯ ಜಾಗದಲ್ಲಿ ಇರುವುದು ನಿಜವಾಗಿ ಆಟದ ಡಬ್ಬಿಯೇ ಎಂಬ ಅನುಮಾನ ಬಂದರೂ ಇದೇ ಕ್ರಮ. ಮೇಲೆ ಹೆಸರಿಲ್ಲ, ತಂತಿ ಕಾಣುತ್ತದೆ, ಟೇಪ್ ಸುತ್ತಿದೆ ಅಂದರೆ ತೆರೆಯಬೇಡಿ.

ಜವಾನ ಅಥವಾ ಪೊಲೀಸರು ತಡೆದರೆ

ಕೂಗಿದ ಕೂಡಲೇ ನಿಲ್ಲಿ. ಓಡಬೇಡಿ, ಚೀಲದೊಳಗೆ ಕೈ ಹಾಕಬೇಡಿ. ಎರಡೂ ಕೈ ಕಾಣುವಂತೆ ಇರಲಿ. ಅವರು ಕರೆದರೆ ಮಾತ್ರ ಹತ್ತಿರ ಹೋಗಿ.

ಕಾವಲಿನವರು ಯಾವ ರಾಜ್ಯದವರೂ ಆಗಿರಬಹುದು. ಹಿಂದಿ ಬಹುತೇಕ ನಡೆಯುತ್ತದೆ, ಇಲ್ಲಿ ಮರಾಠಿಯೂ ಉಪಯೋಗಕ್ಕೆ ಬರುತ್ತದೆ. ಮೊದಲ ಮಾತಿಗೇ "ಜಿಯೋಕ್ಯಾಶಿಂಗ್" ಅನ್ನಬೇಡಿ, ಅದರಿಂದ ಗೊಂದಲ ಜಾಸ್ತಿ ಆಗುತ್ತದೆ. ಹೆಸರು, ಊರು ಹೇಳಿ. "ಚಾರಣಕ್ಕೆ ಬಂದಿದ್ದೇವೆ, ಮೊಬೈಲ್‌ನಲ್ಲಿ ನೋಡಿ ಡಬ್ಬಿ ಹುಡುಕುವ ಆಟ ಆಡುತ್ತಿದ್ದೇವೆ" ಎಂದು ಪೂರ್ತಿ ಸತ್ಯ ಹೇಳಿ. ಅವರು ಒಪ್ಪಿದ ಮೇಲೆ ಗುರುತಿನ ಚೀಟಿ, ಆ್ಯಪ್ ತೋರಿಸಿ. ಫೋಟೋ ತೆಗೆದಿದ್ದರೆ ಮುಚ್ಚಿಡಬೇಡಿ. ವಾಪಸ್ ಹೋಗಿ ಅಂದರೆ ಹೋಗಿ. ಇದು ಸಾರ್ವಜನಿಕ ರಸ್ತೆ ಎಂದು ಅಲ್ಲಿ ವಾದ ಮಾಡಬೇಡಿ. ನೀವು ಹೇಳುವುದು ಸರಿ ಇದ್ದರೂ ಅದನ್ನು ಆಮೇಲೆ ಕಚೇರಿಯಲ್ಲಿ ಕೇಳಬಹುದು. ಮಾತುಕತೆಯ ವಿಡಿಯೋ ಮಾಡಬೇಡಿ.

ಅವರು ಮಾಡುವುದು ನಮ್ಮನ್ನೆಲ್ಲ ಕಾಯುವ ಕೆಲಸ. ಬಿಸಿಲಲ್ಲಿ ನಿಂತವರಿಗೆ ನಮ್ಮಿಂದ ಇನ್ನೊಂದು ತಲೆನೋವು ಆಗಬಾರದು.

ನೀವೇ ಡಬ್ಬಿ ಇಡುವುದಾದರೆ

ಸೇನಾ ಜಾಗದೊಳಗೆ ಇಡಬೇಡಿ. ಕಂಟೋನ್ಮೆಂಟ್ ಬೋರ್ಡ್ ಜಾಗವಾದರೆ ಬೋರ್ಡಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ, ಸೇನೆಯ ಜಾಗವಾದರೆ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ, ಅಂದರೆ ಸೇನೆಯ ಸ್ಥಳೀಯ ಆಡಳಿತ ಕಚೇರಿಗೆ, ಬರೆದು ಕೇಳಬಹುದು. ಆದರೆ ಬಚ್ಚಿಟ್ಟ ಡಬ್ಬಿಗೆ ಸೇನೆ ಒಪ್ಪುತ್ತದೆ ಎಂದು ನಾನು ನಿರೀಕ್ಷಿಸುವುದಿಲ್ಲ, ಒಪ್ಪದಿರುವುದೇ ಸರಿ ಅನಿಸುತ್ತದೆ. ಜಿಯೋಕ್ಯಾಶಿಂಗ್ ವೆಬ್‌ಸೈಟಿನ ನಿಯಮವೂ ಸೇನಾ ನೆಲೆ, ವಿಮಾನ ನಿಲ್ದಾಣ, ರೈಲು ಹಳಿ, ಅಣೆಕಟ್ಟಿನಂಥ ಜಾಗ ಬೇಡ ಎನ್ನುತ್ತದೆ. ನಮ್ಮಲ್ಲಿ ದೇವಸ್ಥಾನ, ಮಸೀದಿ, ಬಸದಿ, ಪ್ರತಿಮೆ, ಶಾಲೆ, ಬಸ್ ನಿಲ್ದಾಣವನ್ನೂ ಸೇರಿಸಿಕೊಳ್ಳಿ. ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದ ಗೋಡೆಯ ಸಂದಿಯಲ್ಲಿ ಯಾವತ್ತೂ ಇಡಬೇಡಿ.

ಹಾಗಾದರೆ ಎಲ್ಲಿ? ರೈತರ ಜಮೀನಿನ ಬದು, ಹಳ್ಳಿಯ ಗಾಯರಾಣ, ಪಂಚಾಯತಿಗೆ ಸೇರಿದ ಗುಡ್ಡದ ದಾರಿ. ಯಳ್ಳೂರಿನ ರಾಜಹಂಸಗಡಕ್ಕೆ ಹತ್ತುವವರು ಸಾಕಷ್ಟಿದ್ದಾರೆ. ಅಂಥ ಕಡೆ ಕೋಟೆಯ ಗೋಡೆ ಮುಟ್ಟದೆ, ಕೆಳಗಿನ ಊರಿನ ಯಾರದ್ದಾದರೂ ಹೊಲದ ಅಂಚಿನಲ್ಲಿ ಅವರನ್ನು ಕೇಳಿ ಇಡಬಹುದು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು ಎಂಬುದು ಆಟದ ನಿಯಮ. ಸೇನಾ ಬೇಲಿಯಿಂದ ಅರ್ಧ ಕಿಲೋಮೀಟರ್ ಆದರೂ ದೂರ ಇರಲಿ ಎಂಬುದು ನನ್ನ ಲೆಕ್ಕ, ಕಾಯ್ದೆಯದ್ದಲ್ಲ. ಹುಡುಕುವವರು ಬಿಂದುವಿನ ಸುತ್ತ ಮೂವತ್ತು ನಲವತ್ತು ಮೀಟರ್ ಅಲೆಯುತ್ತಾರೆ. ಅಡ್ಡದಾರಿ ಹಿಡಿಯುವವರು ಇನ್ನೂ ದೂರ ಹೋಗುತ್ತಾರೆ. ಪಾರ್ಕಿಂಗ್ ಎಲ್ಲಿ, ಯಾವ ದಾರಿಯಿಂದ ಬರಬೇಕು ಎಂದು ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಅನುಮತಿ ಬಾಯಿಮಾತಿನಲ್ಲಿ ಸಾಲದು. ಒಂದು ಪುಟದ ಕಾಗದ ಬರೆಯಿರಿ. ಆಟ ಏನು, ಡಬ್ಬಿ ಎಷ್ಟು ದೊಡ್ಡದು, ಒಳಗೆ ಏನಿರುತ್ತದೆ, ಎಲ್ಲಿ ಇಡುತ್ತೀರಿ, ತಿಂಗಳಿಗೆ ಸುಮಾರು ಎಷ್ಟು ಜನ ಬರಬಹುದು, ಬೇಡವಾದರೆ ಯಾರಿಗೆ ಫೋನ್ ಮಾಡಬೇಕು. ಡಬ್ಬಿಯ ಫೋಟೋ ಅಂಟಿಸಿ. ಜಮೀನಿನವರ ಸಹಿ ಪಡೆಯಿರಿ. ಅದರ ಪ್ರತಿಯನ್ನು ಪಂಚಾಯತಿಗೂ ಆ ಭಾಗದ ಪೊಲೀಸ್ ಠಾಣೆಗೂ ಕೊಡಿ. ಠಾಣೆಗೆ ಹೋಗಲು ಹಿಂಜರಿಕೆ ಆಗುತ್ತದೆ, ನಿಜ. ಆದರೆ ನಾಳೆ ಯಾರೋ ಅನುಮಾನಾಸ್ಪದ ಡಬ್ಬಿ ಎಂದು ಕರೆ ಮಾಡಿದಾಗ ಬಾಂಬ್ ಪತ್ತೆ ದಳ ಬರಬೇಕಾ, ಒಂದು ಫೋನ್‌ನಲ್ಲಿ ಮುಗಿಯಬೇಕಾ ಎಂಬುದು ಈ ಕಾಗದದ ಮೇಲೆ ನಿಂತಿರುತ್ತದೆ.

ಡಬ್ಬಿಯ ಆಯ್ಕೆಯಲ್ಲೂ ಎಚ್ಚರ ಬೇಕು. ಅಮೆರಿಕದಲ್ಲಿ ಮದ್ದುಗುಂಡು ಇಡುವ ಹಳೆಯ ಲೋಹದ ಪೆಟ್ಟಿಗೆಗಳನ್ನು ಜನ ಇಷ್ಟಪಟ್ಟು ಬಳಸುತ್ತಾರೆ, ಗಟ್ಟಿ ಮತ್ತು ನೀರು ಹೋಗುವುದಿಲ್ಲ ಅಂತ. ಇಲ್ಲಿ ಅದು ಬೇಡ. ಪೈಪಿನ ತುಂಡು, ಪ್ರೆಶರ್ ಕುಕ್ಕರ್, ಟಿಫಿನ್ ಡಬ್ಬಿ, ಕಪ್ಪು ಟೇಪ್ ಸುತ್ತಿದ ಏನೂ ಬೇಡ. ಒಳಗಿನದು ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಒಂದು ಲೀಟರಿಗಿಂತ ಚಿಕ್ಕದಿರಲಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರಲಿ, ಬೆಳಗಾವಿ ಮಳೆ ತಡೆಯಬೇಕಲ್ಲ. ಮೇಲೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಬರೆಯಿರಿ: "ಇದು ಆಟದ ಡಬ್ಬಿ. ಅಪಾಯ ಇಲ್ಲ. ಜಮೀನಿನವರ ಅನುಮತಿ ಪಡೆದು ಇಟ್ಟಿದೆ." ಕೆಳಗೆ ಡಬ್ಬಿಯ ಜಿಸಿ ಸಂಖ್ಯೆ (ವೆಬ್‌ಸೈಟ್ ಪ್ರತಿ ಡಬ್ಬಿಗೂ ಕೊಡುವ ಗುರುತು), ನಿಮ್ಮ ಫೋನ್ ನಂಬರ್.

ಒಳಗೆ ತಿನ್ನುವ ವಸ್ತು ಹಾಕಬೇಡಿ, ಇರುವೆ, ಹಂದಿ, ಮಂಗ ಎಲ್ಲ ಬರುತ್ತವೆ. ಚಾಕು, ಬೆಂಕಿಪೊಟ್ಟಣ, ಬ್ಯಾಟರಿ, ಔಷಧ ಬೇಡ. ನೆಲ ಅಗೆದು ಹೂಳಬಾರದು, ಮರಕ್ಕೆ ಮೊಳೆ ಹೊಡೆಯಬಾರದು.

ಡಬ್ಬಿಯೇ ಇಲ್ಲದ ದಾರಿ

ಸೇನಾ ಜಾಗ ಇರುವ ಊರಿಗೆ ನನಗೆ ತುಂಬ ಇಷ್ಟವಾಗುವ ಉಪಾಯ ಇದು. ಅರ್ಥ್‌ಕ್ಯಾಶ್ ಎಂಬ ಬಗೆಯಲ್ಲಿ ಬಚ್ಚಿಡಲು ಏನೂ ಇರುವುದಿಲ್ಲ. ಒಂದು ಬಂಡೆಯೋ ಜಲಪಾತವೋ ಇರುವಲ್ಲಿಗೆ ಕರೆದೊಯ್ದು, ಅಲ್ಲಿ ನೋಡಿದರೆ ಮಾತ್ರ ಉತ್ತರಿಸಬಹುದಾದ ಭೂವಿಜ್ಞಾನದ ಪ್ರಶ್ನೆ ಕೇಳುತ್ತೀರಿ. ಬಂದವರು ಉತ್ತರ ಕಳಿಸುತ್ತಾರೆ. ಇದಕ್ಕೂ ಜಾಗದವರ ಒಪ್ಪಿಗೆ ಬೇಕು, ಆದರೆ ಯಾರೂ ಹೆದರುವಂಥದ್ದು ಏನೂ ಅಲ್ಲಿ ಉಳಿಯುವುದಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಬರವಿಲ್ಲ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಅದು ಧುಮುಕುವ ಬಂಡೆಯ ಪದರಗಳು ಕಲಾದಗಿ ಸರಣಿಯವು, ಬಾಗಲಕೋಟೆ ಜಿಲ್ಲೆಯ ಕಲಾದಗಿ ಊರಿನ ಹೆಸರನ್ನೇ ಇಟ್ಟಿದ್ದಾರೆ. ಪದರ ಯಾವ ಕಡೆ ವಾಲಿದೆ, ಕೆಳಗಿನದು ಮೇಲಿನದಕ್ಕಿಂತ ಬೇಗ ಸವೆದಿದೆಯಾ ಎಂದು ಕೇಳಬಹುದು. ಬೆಳಗಾವಿ ಸುತ್ತಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ತೂತುಗಳು ಯಾಕೆ ಬಂದವು ಎಂದು ಕೇಳಬಹುದು. ಬಾದಾಮಿಯ ಕೆಂಪು ಮರಳುಗಲ್ಲಂತೂ ಇದಕ್ಕೇ ಹೇಳಿಮಾಡಿಸಿದ ಹಾಗಿದೆ. ಅಲ್ಲಿ ಗುಹಾಲಯಗಳ ಗೋಡೆ ಬಿಟ್ಟು, ಎಲ್ಲರೂ ಓಡಾಡುವ ದಾರಿಯಿಂದ ಕಾಣುವ ಬಂಡೆಯನ್ನೇ ಆರಿಸಿ.

ಇಟ್ಟ ಮೇಲೆ

ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೋಗಿ ಡಬ್ಬಿ ನೋಡಿ. ನೀರು ಹೋಗಿದ್ದರೆ ಪುಸ್ತಕ ಬದಲಿಸಿ. ಮೇಲಿನ ಬರಹ ಅಳಿಸಿದ್ದರೆ ಮತ್ತೆ ಬರೆಯಿರಿ, ಇದನ್ನು ಮಾತ್ರ ತಪ್ಪಿಸಬೇಡಿ. ಬರುವಾಗ ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ ಎತ್ತಿಕೊಂಡು ಬನ್ನಿ, ಜಗತ್ತಿನಾದ್ಯಂತ ಈ ಆಟಗಾರರ ರೂಢಿ ಅದು. ಲೋಹದ ಚೂರು ಮಾತ್ರ ಎತ್ತಬೇಡಿ.

ಪಕ್ಕದಲ್ಲಿ ಹೊಸ ಬೇಲಿ ಬಂದರೆ, ಹೊಸ ಫಲಕ ಬಂದರೆ, ಜಮೀನು ಬೇರೆಯವರಿಗೆ ಮಾರಾಟವಾದರೆ ಪುಟವನ್ನು ಆ ದಿನವೇ ನಿಷ್ಕ್ರಿಯ ಮಾಡಿ. ಡಬ್ಬಿ ಮನೆಗೆ ತನ್ನಿ. ಪುಟ ಮುಚ್ಚಿ ಡಬ್ಬಿ ಅಲ್ಲೇ ಬಿಟ್ಟರೆ ಅದು ಯಾರಿಗೂ ಲೆಕ್ಕವಿಲ್ಲದ ಅನಾಥ ಡಬ್ಬಿ ಆಗುತ್ತದೆ. ತೆಗೆದ ಮೇಲೆ ಜಮೀನಿನವರಿಗೆ, ಪಂಚಾಯತಿಗೆ, ಠಾಣೆಗೆ ಮೂರೂ ಕಡೆ ತೆಗೆದಿದ್ದೇವೆ ಎಂದು ತಿಳಿಸಿ, ಮೊದಲು ಕೊಟ್ಟ ಕಾಗದದ ಮೇಲೆ ತಾರೀಕು ಬರೆಸಿಕೊಳ್ಳಿ.